ಬೆರಳಚ್ಚಿನ ತೂಕ

ಮನುಷ್ಯನ ಬೆರಳ ತುದಿಯ ಗೆರೆಗಳ ವಿನ್ಯಾಸ ಜೀವಮಾನವಿಡೀ ಸಾಮಾನ್ಯವಾಗಿ ಬದಲಾಗದು. ಒಬ್ಬನ ಬೆರಳಚ್ಚು ಇನ್ನೊಬ್ಬನದನ್ನು ಹೋಲುವ ಸಂಭವವೆಷ್ಟೆಂದು ಲೆಕ್ಕ ಹಾಕಿದವರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಮೊದಲಿಗರು. 1892ರ ತಮ್ಮ ಗ್ರಂಥದಲ್ಲಿ ಅವರು ಅದನ್ನು 6,400 ಕೋಟಿಯಲ್ಲಿ ಒಂದು ಎಂದು ಅಂದಾಜು ಮಾಡಿದರು. ಇಷ್ಟು ದೊಡ್ಡ ಸಂಖ್ಯೆಯ ಮುಂದೆ ಸಂದೇಹಕ್ಕೆ ಎಡೆಯೆಲ್ಲಿ?

ಆದರೆ ಈ ಲೆಕ್ಕ ಸಲ್ಲುವುದು ಪೂರ್ಣವೂ ಸ್ಪಷ್ಟವೂ ಆದ ಅಚ್ಚಿಗೆ. ಅಪರಾಧ ನಡೆದ ಸ್ಥಳದಲ್ಲಿ ದೊರೆಯುವುದಾದರೋ ಬಹುಮಟ್ಟಿಗೆ ಮಸುಕಾದ, ಅರೆಬರೆ ಗುರುತು. ಅದನ್ನು ಕೋಟಿಗಟ್ಟಲೆ ಅಚ್ಚುಗಳೊಡನೆ ಹೋಲಿಸಿದಾಗ ನಿರಪರಾಧಿಯ ಬೆರಳೂ ಆಕಸ್ಮಿಕವಾಗಿ ಹೋಲಬಹುದು. ಸಂಗ್ರಹ ಬೆಳೆದಷ್ಟೂ ಈ ಸಂಭವ ಹೆಚ್ಚುತ್ತದೆ.

2004ರ ಮಾರ್ಚ್ ತಿಂಗಳಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬುಗಳು ಸಿಡಿದವು. ತನಿಖೆಯಲ್ಲಿ ಸಿಕ್ಕ ಚೀಲವೊಂದರ ಮೇಲಿನ ಗುರುತು ತಮ್ಮ ದೇಶದ ವಕೀಲರೊಬ್ಬರದೆಂದು ಅಮೆರಿಕದ ನುರಿತ ತಜ್ಞರು ನಿಶ್ಚಯವಾಗಿ ನುಡಿದರು. ಆ ವಕೀಲರು ಎರಡು ವಾರ ಬಂಧನದಲ್ಲಿರಬೇಕಾಯಿತು. ಕಡೆಗೆ ಸ್ಪೇನಿನ ಪೊಲೀಸರು ಅದು ಬೇರೊಬ್ಬನದೆಂದು ಕಂಡುಹಿಡಿದರು.

2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು 169 ತಜ್ಞರನ್ನು ಪರೀಕ್ಷೆಗೆ ಒಡ್ಡಿತು. ಬೇರೆಬೇರೆ ಬೆರಳುಗಳ ಅಚ್ಚುಗಳನ್ನು ಒಂದೇ ಎಂದ ತಪ್ಪು ಶೇಕಡ 0.1, ಒಂದೇ ಬೆರಳಿನವನ್ನು ಬೇರೆ ಎಂದ ತಪ್ಪು ಶೇಕಡ 7.5. ತಪ್ಪು ಅಲ್ಪವಾದರೂ ಶೂನ್ಯವಲ್ಲ.

ಆದುದರಿಂದ ‘ಇದು ಇವನದೇ’ ಎಂಬ ಮಾತು ನ್ಯಾಯಾಲಯಕ್ಕೆ ಸಾಲದು. ಗುರುತು ಆಪಾದಿತನದಾಗಿದ್ದರೆ ಇಂತಹ ಹೋಲಿಕೆ ಕಾಣುವ ಸಂಭವವೆಷ್ಟು, ಅನ್ಯನದಾಗಿದ್ದರೆ ಎಷ್ಟು ಎಂಬ ಎರಡನ್ನೂ ತಜ್ಞನು ತೂಗಿ ಹೇಳಬೇಕು. ಆ ತಕ್ಕಡಿಯನ್ನು ಒದಗಿಸುವುದೇ ಸಂಖ್ಯಾಶಾಸ್ತ್ರ. ಒಬ್ಬ ಮನುಷ್ಯನ ಸ್ವಾತಂತ್ರ್ಯವು ಒಂದು ಮಸುಕು ಗುರುತನ್ನು ಅವಲಂಬಿಸಿರುವಾಗ ಅಷ್ಟು ಎಚ್ಚರಿಕೆ ನ್ಯಾಯದ ಕನಿಷ್ಠ ಕರ್ತವ್ಯವಾಗಿದೆ.