ಬಾಟಲಿ ಮೇಲಿನ ಚಿನ್ನದ ಪದಕ ಯಾರು ಕೊಟ್ಟಿದ್ದು?

ನಾವು ಬರೆದ ಒಂದು ಸುದ್ದಿಯನ್ನು ಪಕ್ಕದ ಮನೆಯವರು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದರು. ನೋಡಿ ಖುಷಿಯಾಗಬೇಕಿತ್ತು. ಆಗಲಿಲ್ಲ.

ನಾವಿರೋದು ಸುಂಕದಕಟ್ಟೆಯಲ್ಲಿ, ಮಾಗಡಿ ರಸ್ತೆಯಿಂದ ಒಂಚೂರು ಒಳಗೆ, ವಠಾರದ ಒಂದು ರೂಮಿನಲ್ಲಿ. ಬೆಳಿಗ್ಗೆ ಮಾಗಡಿ ಕಡೆ ಸುದ್ದಿಗೆ ಹೋಗೋದು, ರಾತ್ರಿ ಬಂದು ಟೈಪ್ ಮಾಡಿ ಕಳಿಸೋದು. ಪಕ್ಕದ ಮನೆ ಅಕ್ಕ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಅವರ ಯಜಮಾನರು ಆಟೋ ಓಡಿಸ್ತಾರೆ. ದಿನಾ ಸಂಜೆ ಒಂದು ಕ್ವಾರ್ಟರ್ ತರ್ತಾರೆ.

ಒಂದು ಭಾನುವಾರ ಅಕ್ಕ ನಮ್ಮನ್ನು ಕರೆದು ಆ ಗೋಡೆ ತೋರಿಸಿದರು. "ಅಣ್ಣ, ಇದು ನೀವೇ ಬರ್ದಿದ್ದಂತೆ. ಕುಡೀಬೇಡಿ ಅಂದ್ರೆ ಇದನ್ನ ತೋರಿಸ್ತಾರೆ. ಫಾರಿನ್‌ನಲ್ಲಿ ಚಿನ್ನದ ಪದಕ ಬಂದಿರೋ ಮಾಲು ಕಣೇ, ಪಕ್ಕದ್ಮನೆ ಪೇಪರ್‌ನೋರೇ ಬರ್ದವ್ರೆ ಅಂತಾರೆ. ಯಾರಣ್ಣ ಕೊಟ್ಟಿದ್ದು ಆ ಪದಕ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಒಂದು ಕಂಪನಿಯ ಪ್ರೆಸ್ ನೋಟ್ ವಾಟ್ಸಾಪ್‌ನಲ್ಲಿ ಬಂದಿತ್ತು. ತಲೆಬರಹ ಬದಲಾಯಿಸಿ ಕಳಿಸಿದ್ದೆವು, ಅಷ್ಟೇ. ನಮಗೆ ಸುದ್ದಿಗೆ ಇಷ್ಟು ಅಂತ ಲೆಕ್ಕ. ಯಾರು ಕೊಟ್ಟರು, ಎಷ್ಟು ಜನಕ್ಕೆ ಕೊಟ್ಟರು ಅಂತ ನಾವು ಕೇಳಲೇ ಇಲ್ಲ. ಗ್ರಾಮ ಪಂಚಾಯ್ತಿಯ ಒಂದು ಚರಂಡಿ ಬಿಲ್ಲಿಗೆ ಹತ್ತು ಪ್ರಶ್ನೆ ಕೇಳೋ ನಾವು, ಇದಕ್ಕೆ ಒಂದೂ ಕೇಳಲಿಲ್ಲ.

ಆಮೇಲೆ ಕೂತು ಓದಿದೆವು. ತಿಳಿದಿದ್ದನ್ನು ನಿಮಗೂ ಹೇಳ್ತೇವೆ.

ವಿಸ್ಕಿಗೂ ಪರೀಕ್ಷೆ ಇದೆ. ದೊಡ್ಡ ಸ್ಪರ್ಧೆಗಳು ಲಂಡನ್, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಮುಂತಾದ ಕಡೆ ನಡೀತವೆ. ಲಂಡನ್ನಿನ ಐ.ಡಬ್ಲ್ಯೂ.ಎಸ್.ಸಿ. 1969ರಲ್ಲಿ ಶುರುವಾಗಿದ್ದು. ಸ್ಯಾನ್ ಫ್ರಾನ್ಸಿಸ್ಕೋದ್ದು 2000ದಲ್ಲಿ. ಕಂಪನಿಗಳು ಅರ್ಜಿ ಹಾಕಿ, ಒಂದೊಂದು ಬಗೆಯ ಮಾಲಿಗೂ ನೂರಾರು ಪೌಂಡ್ ಅಥವಾ ಡಾಲರ್ ಶುಲ್ಕ ಕಟ್ಟಿ, ಬಾಟಲಿ ಕಳಿಸಬೇಕು. ಕಳಿಸದೇ ಇದ್ದವರು ಆ ಸ್ಪರ್ಧೆಯಲ್ಲೇ ಇರೋದಿಲ್ಲ.

ಬಂದ ಬಾಟಲಿಗಳನ್ನು ಜಾತಿವಾರು ವಿಂಗಡಿಸ್ತಾರೆ. ಮಾಲ್ಟ್ ವಿಸ್ಕಿ ಬೇರೆ, ಬೆರಕೆ ವಿಸ್ಕಿ ಬೇರೆ, ರಮ್ ಬೇರೆ. ಆಮೇಲೆ ತೆರೆಯ ಹಿಂದೆ ಗ್ಲಾಸಿಗೆ ಸುರಿದು, ನಂಬರ್ ಹಾಕಿ, ತೀರ್ಪುಗಾರರ ಮುಂದೆ ಇಡ್ತಾರೆ. ಲೇಬಲ್ ಕಾಣೋದಿಲ್ಲ, ಬೆಲೆ ಗೊತ್ತಾಗೋದಿಲ್ಲ. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋ ಮೇಷ್ಟ್ರಿಗೆ ಮಗು ಯಾರದ್ದು ಅಂತ ಗೊತ್ತಾಗಬಾರದಲ್ಲ, ಹಾಗೆ. ನಮ್ಮ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ನೋಡುವಾಗ ಹಗ್ಗ ಹಿಡಿದ ಗೌಡರೂ ಪಕ್ಕದಲ್ಲೇ ನಿಂತಿರ್ತಾರೆ. ಇಲ್ಲಿ ಗೌಡರು ಕಾಣೋದಿಲ್ಲ, ಎತ್ತು ಮಾತ್ರ ಕಾಣುತ್ತೆ.

ತೀರ್ಪುಗಾರರು ಮೊದಲು ವಾಸನೆ ನೋಡ್ತಾರೆ. ಆಮೇಲೆ ಒಂದು ಗುಟುಕು ಬಾಯಿಗೆ. ಸ್ವಲ್ಪ ನೀರು ಬೆರೆಸಿ ಮತ್ತೆ ನೋಡೋದೂ ಉಂಟು. ಬಾಯಲ್ಲಿ ಉಳಿಯೋ ರುಚಿ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದಕ್ಕೂ ಬೆಲೆ ಇದೆ. ಅಂಕ ಬರೆದುಕೊಂಡು, ಪಕ್ಕದ ಪಾತ್ರೆಗೆ ಉಗಿದುಬಿಡ್ತಾರೆ. ಹೌದು, ಉಗೀತಾರೆ. ದಿನಕ್ಕೆ ಹತ್ತಾರು ಗ್ಲಾಸ್ ನೋಡಬೇಕಾದವರು ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ನಾಲಿಗೆಯೂ ಕೆಲಸ ಮಾಡಲ್ಲ, ತಲೆಯೂ ಮಾಡಲ್ಲ.

ಇನ್ನು ಪದಕದ ಲೆಕ್ಕ. ನಾವು ಮೋಸ ಹೋಗೋದು ಇಲ್ಲೇ. ಓಟದ ಪಂದ್ಯದಲ್ಲಿ ಚಿನ್ನ ಒಬ್ಬರಿಗೇ. ಇಲ್ಲಿ ಹಾಗಲ್ಲ. ಐ.ಡಬ್ಲ್ಯೂ.ಎಸ್.ಸಿ.ಯಲ್ಲಿ 100ಕ್ಕೆ 95 ದಾಟಿದರೆ ಚಿನ್ನ, 90ರಿಂದ 94 ಬೆಳ್ಳಿ, 85ರಿಂದ 89 ಕಂಚು. ಎಷ್ಟು ಬಾಟಲಿ ಆ ಗೆರೆ ದಾಟಿದರೂ ಅಷ್ಟಕ್ಕೂ ಪದಕ. ಅಂದರೆ ಇದು ರ‍್ಯಾಂಕ್ ಅಲ್ಲ, ಫಸ್ಟ್ ಕ್ಲಾಸ್ ಇದ್ದ ಹಾಗೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಬಲ್ ಗೋಲ್ಡ್ ಅಂತ ಒಂದಿದೆ. ಆ ಮೇಜಿನಲ್ಲಿ ಕೂತ ಎಲ್ಲರೂ ಚಿನ್ನ ಅಂದರೆ ಮಾತ್ರ ಅದು ಸಿಗೋದು. ಬ್ರಸೆಲ್ಸ್‌ನ ಮಾಂಡ್ ಸೆಲೆಕ್ಷನ್ ಅಂತ 1961ರ ಸಂಸ್ಥೆ ಇದೆ. ನಮ್ಮ ದೇಶದ ಹಲವು ಬಾಟಲಿಗಳ ಮೇಲೆ ಅದರ ಮುದ್ರೆ ಕಾಣಬಹುದು. ಅಲ್ಲಿ ಒಂದು ಮಾಲನ್ನು ಇನ್ನೊಂದರ ಎದುರು ನಿಲ್ಲಿಸೋದೇ ಇಲ್ಲ. ಪ್ರತಿಯೊಂದಕ್ಕೂ ಅದರದ್ದೇ ಅಂಕ, ಅದರ ಪ್ರಕಾರ ಪದಕ.

ಹಾಗಾದರೆ ಎಲ್ಲಾ ಸುಳ್ಳಾ? ಅಲ್ಲ. ಅದಕ್ಕೆ ಸಾಕ್ಷಿ ನಮ್ಮ ಸುಂಕದಕಟ್ಟೆಯಿಂದ ದೂರವೇನಿಲ್ಲ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೋದರೆ ಕುಂಬಳಗೋಡಿನ ಹತ್ತಿರ ಕಂಬೀಪುರ. ಅಲ್ಲಿದೆ ಅಮೃತ್ ಡಿಸ್ಟಿಲರೀಸ್. 1948ರಲ್ಲಿ ಜೆ.ಎನ್. ರಾಧಾಕೃಷ್ಣ ಜಗದಾಳೆ ಶುರುಮಾಡಿದ ಕಂಪನಿ. ಅವರ ಮಗ ನೀಲಕಂಠ ಜಗದಾಳೆ 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಕುಂಬಾರನ ಬೀದಿಯಲ್ಲೇ ಮಡಕೆ ಮಾರಿದ ಹಾಗೆ.

ಇಂಡಿಯಾದ ವಿಸ್ಕಿ ಅಂದರೆ ಅಲ್ಲಿಯವರು ಮೂಗು ಮುರಿಯುತ್ತಿದ್ದ ಕಾಲ. ಅದಕ್ಕೆ ಕಾರಣವೂ ಇತ್ತು. ನಮ್ಮಲ್ಲಿ ಮಾರೋ ಅಗ್ಗದ ವಿಸ್ಕಿಯಲ್ಲಿ ಬಹುಪಾಲಿಗೆ ಮೂಲ ಕಬ್ಬಿನ ಕಾಕಂಬಿಯ ಮದ್ಯಸಾರ. ಯುರೋಪಿನ ಕಾನೂನಿನಲ್ಲಿ ಧಾನ್ಯದಿಂದ ಮಾಡಿ, ಮರದ ಪೀಪಾಯಿಯಲ್ಲಿ 3 ವರ್ಷ ಇಟ್ಟಿದ್ದು ಮಾತ್ರ ವಿಸ್ಕಿ. ಅಮೃತ್‌ನವರ ಸಿಂಗಲ್ ಮಾಲ್ಟ್ ಆಗಿದ್ದು ಮೊಳಕೆ ಬರಿಸಿದ ಬಾರ್ಲಿಯಿಂದ. ಹೆಸರು ಹೇಳದೆ ಗ್ಲಾಸ್ಗೋದ ಬಾರ್‌ನಲ್ಲಿ ಕುಡಿಸಿ ನೋಡಿದಾಗ, ಜನ ಅದನ್ನು ತಮ್ಮೂರಿನ ಸ್ಕಾಚೇ ಅಂದುಕೊಂಡರಂತೆ. ಲೇಬಲ್ ಮೊದಲೇ ತೋರಿಸಿದ್ದರೆ ಆ ಮಾತು ಬರುತ್ತಿತ್ತಾ?

ವಯಸ್ಸಿನ ವಿಷಯವೂ ಹೀಗೇ. ಬೆಂಗಳೂರಿನ ಬಿಸಿಲಿಗೆ ಪೀಪಾಯಿಯಿಂದ ವರ್ಷಕ್ಕೆ 10ರಿಂದ 12 ಪರ್ಸೆಂಟ್ ಆವಿಯಾಗಿ ಹೋಗುತ್ತೆ. ಸ್ಕಾಟ್ಲೆಂಡಿನಲ್ಲಿ ಹೋಗೋದು ಸುಮಾರು 2 ಪರ್ಸೆಂಟ್. ನಾಲ್ಕು ವರ್ಷ ಇಟ್ಟರೆ ಇಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಗಾಳಿಗೆ. ಆದರೆ ಮಾಗೋದೂ ಬೇಗ. ಬಾಟಲಿ ಮೇಲಿನ ವರ್ಷ ನೋಡಿ ಅಂಕ ಕೊಟ್ಟರೆ ನಮ್ಮದು ಸೋಲುತ್ತೆ. ಗ್ಲಾಸಿನಲ್ಲಿ ಇರೋದನ್ನು ನೋಡಿ ಕೊಟ್ಟರೆ ಗೆಲ್ಲಬಹುದು. ಹೆಸರಿಲ್ಲದವನಿಗೆ, ದೂರದ ಊರಿನವನಿಗೆ ಕಣ್ಣು ಕಟ್ಟಿದ ಪರೀಕ್ಷೆಯೇ ನ್ಯಾಯ. ಹಳ್ಳಿಯಿಂದ ಡಿಪ್ಲೊಮಾ ಮಾಡಿ ಬಂದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತೆ.

ಇಲ್ಲೂ ಒಂದು ಎಚ್ಚರ ಬೇಕು. ಅಮೃತ್ ಫ್ಯೂಷನ್ "ಜಗತ್ತಿನಲ್ಲೇ ಮೂರನೇದು" ಅಂತ ನೀವು ಕೇಳಿರಬಹುದು. ಅದು ಸ್ಪರ್ಧೆಯ ಫಲಿತಾಂಶ ಅಲ್ಲ. ಜಿಮ್ ಮರ್ರೆ ಅನ್ನೋ ಬ್ರಿಟಿಷ್ ಬರಹಗಾರರು ತಮ್ಮ ವಿಸ್ಕಿ ಬೈಬಲ್‌ನ 2010ರ ಆವೃತ್ತಿಯಲ್ಲಿ ಅದಕ್ಕೆ 100ಕ್ಕೆ 97 ಅಂಕ ಕೊಟ್ಟಿದ್ದರು. ವಾಸನೆ, ರುಚಿ, ಕೊನೆಯಲ್ಲಿ ಉಳಿಯೋ ಸ್ವಾದ, ಹದ, ನಾಲ್ಕಕ್ಕೂ ತಲಾ 25. ಅನುಭವಸ್ಥರೇ, ಆದರೆ ಒಬ್ಬರ ನಾಲಿಗೆ. ಹಾಗೇ 2023ರಲ್ಲಿ ಹರಿಯಾಣದ ಇಂದ್ರಿ ವಿಸ್ಕಿಯ ದೀಪಾವಳಿ ಆವೃತ್ತಿ ಅಮೆರಿಕದ ಒಂದು ಸ್ಪರ್ಧೆಯಲ್ಲಿ ಡಬಲ್ ಗೋಲ್ಡ್, ಬೆಸ್ಟ್ ಇನ್ ಶೋ ಪಡೀತು. ಮಾರನೇ ದಿನ ಹೆಡ್‌ಲೈನ್ "ವಿಶ್ವದ ನಂಬರ್ ಒನ್". ನಿಜ ಏನಂದ್ರೆ, ಆ ವರ್ಷ ಆ ಸ್ಪರ್ಧೆಗೆ ಬಂದವುಗಳಲ್ಲಿ ನಂಬರ್ ಒನ್. ಅದೂ ಸಣ್ಣ ಮಾತಲ್ಲ, ಆದರೆ ಎರಡೂ ಒಂದೇ ಅಲ್ಲ.

ಹೆಂಡದ ಜಾಹೀರಾತಿಗೆ ನಮ್ಮ ದೇಶದಲ್ಲಿ ನಿರ್ಬಂಧ ಇದೆ. ಆದರೆ ಪದಕ ಬಂದರೆ ಅದು "ಸುದ್ದಿ". ದುಡ್ಡು ಕೊಟ್ಟರೂ ಹಾಕಿಸಲಾಗದ್ದನ್ನು ನಮ್ಮಂಥವರು ಪುಕ್ಕಟೆ ಹಾಕಿಬಿಡ್ತೇವೆ. ಅವತ್ತು ನಾವು ಮಾಡಿದ್ದೂ ಅದನ್ನೇ.

ಇನ್ನೊಂದು ಬರೆದು ಕಳಿಸಿದೆವು, ಪದಕ ಹೇಗೆ ಕೊಡ್ತಾರೆ ಅಂತ. ಇದರಲ್ಲಿ ಸುದ್ದಿ ಏನಿದೆ ಅಂತ ವಾಪಸ್ ಬಂತು. ಅದಕ್ಕೇ ಇಲ್ಲಿ ಬರೀತಿದ್ದೇವೆ. ಇನ್ಮುಂದೆ ಬಾಟಲಿ ಇರಲಿ, ಬಿತ್ತನೆ ಬೀಜ ಇರಲಿ, ಶಾಲೆ ಇರಲಿ, ಪದಕ ಬಂತು ಅಂದರೆ ನಾಲ್ಕು ಮಾತು ಕೇಳಿ. ಯಾರು ತೀರ್ಪು ಕೊಟ್ಟರು? ಹೆಸರು ಮುಚ್ಚಿ ನೋಡಿದರಾ, ತೋರಿಸಿ ನೋಡಿದರಾ? ಅದೇ ಪದಕ ಇನ್ನೆಷ್ಟು ಜನಕ್ಕೆ ಬಂತು? ಶುಲ್ಕ ಯಾರು ಕಟ್ಟಿದರು?

ಇದನ್ನೆಲ್ಲ ಪಕ್ಕದ ಮನೆ ಜಗಲಿ ಮೇಲೆ ಕೂತು ಅಕ್ಕನಿಗೂ ಯಜಮಾನರಿಗೂ ಹೇಳಿದೆವು. ಯಜಮಾನರು ಪದಕದ ಲೆಕ್ಕಕ್ಕೆಲ್ಲ ತಲೆ ಆಡಿಸಿದರು. ತೀರ್ಪುಗಾರರು ಉಗೀತಾರೆ ಅಂದಾಗ ಮಾತ್ರ ನಂಬಲಿಲ್ಲ. "ಅಷ್ಟು ಒಳ್ಳೇ ಮಾಲನ್ನ ಉಗೀತಾರಾ ಸಾರ್?"

ಅಕ್ಕ ಒಳಗಿಂದಲೇ ಅಂದರು. "ಅವ್ರು ನಾಲಿಗೆಗೆ ಮಾರ್ಕ್ಸ್ ಕೊಡ್ತಾರೆ. ಮನೆಗೆ ಯಾರು ಕೊಡ್ತಾರೆ?"

ಯಜಮಾನರು ಸುಮ್ಮನಾದರು. ಕ್ವಾರ್ಟರ್ ಇನ್ನೂ ಬರ್ತಿದೆ, ಸುಳ್ಳು ಹೇಳೋದಿಲ್ಲ. ಆದರೆ ಗೋಡೆ ಮೇಲಿದ್ದ ನಮ್ಮ ಸುದ್ದಿ ಈಗಿಲ್ಲ. ಯಾರು ಕಿತ್ತರು ಅಂತ ನಾವು ಕೇಳಿಲ್ಲ.