ಪುಟ್ಟಿಗೊಂದು ಖಾಕಿ

2022ರ ಡಿಸೆಂಬರಿನ ಒಂದು ಗುರುವಾರ ರಾತ್ರಿ ಗೆಳತಿಯ ಫೋನು ಬಂತು. "ಶನಿವಾರ ಬಾ ಮಾರಾಯ್ತಿ. ಪುಟ್ಟಿಗೆ ಛದ್ಮವೇಷದ ಡ್ರೆಸ್ ಹೊಲಿಯಲಿಕ್ಕುಂಟು. ನನ್ನೊಬ್ಬಳಿಂದ ಆಗುವುದಿಲ್ಲ."

ಪುಟ್ಟಿ ಅವಳ ಅಕ್ಕನ ಮಗಳು. ಕಡಬದ ಕಡೆಯ ಒಂದು ಶಾಲೆಯಲ್ಲಿ ಎರಡನೇ ಕ್ಲಾಸು. ಡಿಸೆಂಬರ್ ಬಂತೆಂದರೆ ಪುತ್ತೂರು, ಸುಳ್ಯ, ಕಡಬದ ಶಾಲೆಗಳಲ್ಲಿ ವಾರ್ಷಿಕೋತ್ಸವದ ಗಡಿಬಿಡಿ. ನಮ್ಮ ಕಾಲದಲ್ಲಿ ಛದ್ಮವೇಷವೆಂದರೆ ಕೃಷ್ಣ, ಭಾರತಮಾತೆ, ಒನಕೆ ಓಬವ್ವ, ತಪ್ಪಿದರೆ ರಟ್ಟಿನ ಬದನೆಕಾಯಿ. ಆ ವರ್ಷ ಮಾತ್ರ ಎಲ್ಲ ಮಕ್ಕಳ ಬಾಯಲ್ಲಿ ಒಂದೇ ಹೆಸರು. 'ಕಾಂತಾರ' ಸೆಪ್ಟೆಂಬರ್ 30ಕ್ಕೆ ಬಿಡುಗಡೆಯಾಗಿತ್ತು. ನವೆಂಬರಿನಲ್ಲಿ ಮೊಬೈಲಿಗೂ ಬಂತು, ಡಿಸೆಂಬರ್ 2ಕ್ಕೆ ತುಳುವಿನಲ್ಲೂ ಬಂತು. ಪುಟ್ಟಿ ಕೊನೆಯ ದೃಶ್ಯವನ್ನು ಎಷ್ಟು ಸಲ ನೋಡಿದ್ದಳೋ ಲೆಕ್ಕವಿಲ್ಲ. ಅವಳಿಗೆ ದೈವವೇ ಆಗಬೇಕಿತ್ತು.

ಶನಿವಾರ ಪುತ್ತೂರಿನಲ್ಲಿ ಎರಡೂವರೆ ಮೀಟರ್ ಕೆಂಪು ಸ್ಯಾಟಿನ್, ಹಳದಿ ಲೈನಿಂಗ್ ಬಟ್ಟೆ, ಜರಿಪಟ್ಟಿ ತೆಗೆದುಕೊಂಡು ಬೆಳ್ಳಾರೆಯ ಬಸ್ಸು ಹತ್ತಿದೆ. ಮನೆಯ ತೋಟದಿಂದ ಆಯ್ದ ಎರಡು ಒಳ್ಳೆಯ ಅಡಿಕೆ ಹಾಳೆಗಳೂ ಜೊತೆಗಿದ್ದವು. ತಲೆಯ ಹಿಂದಿನ ಅಣಿಗೆ ಹಾಳೆ, ಸೊಂಟದ ಸುತ್ತಿನ ತೆಂಗಿನ ಸಿರಿಗೆ ಹಳದಿ ಬಟ್ಟೆಯ ಪಟ್ಟಿಗಳು ಎಂದು ಬಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ತುಳುನಾಡು ಸಿನಿಮಾದಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎನ್ನುವುದೇ ನನ್ನ ಪಿಎಚ್‌ಡಿಯ ವಿಷಯ. ಹಾಗಾಗಿ ಈ ಕೆಲಸಕ್ಕೆ ನನ್ನಷ್ಟು ತಕ್ಕವಳು ಬೇರೆ ಯಾರಿದ್ದಾರೆ ಎಂಬ ಹಮ್ಮೂ ಇತ್ತು.

ಗೆಳತಿಯ ಮನೆಯಲ್ಲಿರುವುದು ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮಿಷನ್. ಬಿಡುವಿದ್ದಾಗ ನೆರೆಹೊರೆಯವರ ರವಿಕೆ ಹೊಲಿದುಕೊಡುತ್ತಾಳೆ. ನಾನು ಮೊಬೈಲಿನಲ್ಲಿ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ಇಲ್ಲಿ ಕೆಂಪು, ಇಲ್ಲಿ ಪಟ್ಟಿ, ಇಲ್ಲಿ ನೆರಿಗೆ. ಅವಳು ಹೂಂ ಎನ್ನುತ್ತಾ ಸ್ಯಾಟಿನ್ ಮಡಚಿ ಚಾಕಿನಲ್ಲಿ ಗೆರೆ ಎಳೆದಳು. ಒಂದು ಬದಿ ಕತ್ತರಿಸಿದಳು. ಬಾಬಿನ್ ತುಂಬಿಸಿದಳು. ಸೂಜಿಗೆ ನೂಲು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಮೇಲೆ ಕಾಲನ್ನು ಪೆಡಲಿನಿಂದ ತೆಗೆದು ಕೆಳಗಿಟ್ಟಳು.

"ಉಂದು ಬೊಡ್ಚಿ," ಅಂದಳು. ಇದು ಬೇಡ.

ನಾನು ವಾದಕ್ಕೆ ನಿಂತೆ. ಸಣ್ಣವರಿರುವಾಗ ನಾವೆಲ್ಲ ಹಾಳೆ ಕಟ್ಟಿಕೊಂಡು ಭೂತದ ಆಟ ಆಡಲಿಲ್ಲವಾ, ಡಬ್ಬ ಬಡಿದು ಕುಣಿಯಲಿಲ್ಲವಾ, ಆಗ ಯಾರಾದರೂ ಬೈದರಾ ಎಂದೆ. ಆ ಕೂಗನ್ನು ಎಲ್ಲೆಂದರಲ್ಲಿ ಅನುಕರಿಸಬೇಡಿ ಎಂದು ಚಿತ್ರದ ನಿರ್ದೇಶಕ ರಿಷಬ್ ಶೆಟ್ಟಿಯವರೇ ಕೇಳಿಕೊಂಡದ್ದು ನನಗೆ ಗೊತ್ತಿತ್ತು. ಆದರೂ ಮಕ್ಕಳಿಗೆ ಅದೆಲ್ಲ ಅನ್ವಯಿಸುವುದಿಲ್ಲ ಎಂದುಕೊಂಡಿದ್ದೆ.

"ಆಡಿದ್ದೇವೆ. ಆಟ ಮುಗಿದ ಮೇಲೆ ಹಾಳೆ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಇದಕ್ಕೆ ಸ್ಟೇಜು, ಮೈಕು, ಫಸ್ಟ್ ಪ್ರೈಜು ಉಂಟು," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಾರ್ನೆಮಿಗೆ ಕೊರಗ ವೇಷ ಹಾಕುತ್ತಿದ್ದರಲ್ಲ, ಅದು ಯಾಕೆ ಬೇಡ ಅಂತ ಆಯಿತು?" ಎಂದು ಕೇಳಿದಳು.

ಅದಕ್ಕೆ ಉತ್ತರ ನನ್ನ ಟಿಪ್ಪಣಿ ಪುಸ್ತಕದಲ್ಲೇ ಇತ್ತು. ಕೊರಗರ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2000ದಲ್ಲಿ ಬಂತು. ತಮ್ಮ ಬಡತನವನ್ನು, ಮೈಬಣ್ಣವನ್ನು ಬೇರೆಯವರು ಬಳಿದುಕೊಂಡು ನಗಿಸುವುದು ಅವಮಾನವೆಂದು ಕೊರಗ ಸಮುದಾಯದವರು ಹೇಳುತ್ತಲೇ ಬಂದಿದ್ದಾರೆ. "ಅದು ತಮಾಷೆಗೆ ಹಾಕುತ್ತಿದ್ದದ್ದು, ಇದು ಭಕ್ತಿಯಿಂದ," ಎಂದೆ. "ಹಾಕುವವರಿಗೆ," ಅಂದಳು.

ಗೆಳತಿಯ ಮಾವ, ಎಂದರೆ ತಾಯಿಯ ತಮ್ಮ, ನೇಮ ಕಟ್ಟುವವರು. ಇದು ನನಗೆ ಕಾಲೇಜಿನ ದಿನಗಳಿಂದ ಗೊತ್ತು. ನಲಿಕೆ, ಪರವ, ಪಂಬದ ಸಮುದಾಯಗಳ ಬಗ್ಗೆ ಪುಟಗಟ್ಟಲೆ ಬರೆದವಳು ನಾನು. ಆದರೆ ಅವಳ ಹತ್ತಿರ ಮಾವನ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ. ಅವತ್ತು ಅವಳಾಗಿಯೇ ಹೇಳಿದಳು. ಎಣ್ಣೆಬೂಳ್ಯ ಪಡೆಯದೆ ಮಾವ ಮುಖಕ್ಕೆ ಬಣ್ಣ ಮುಟ್ಟಿಸುವುದಿಲ್ಲ. ಅದಕ್ಕೂ ಮೊದಲು ವ್ರತ. ಗಗ್ಗರ ಕಟ್ಟಿ ಕಟ್ಟಿ ಕಾಲಗಂಟಿನ ಚರ್ಮ ದಪ್ಪಗಟ್ಟಿದೆ. ರಾತ್ರಿಯಿಡೀ ಜನ ಕೈಮುಗಿದು ಅವರೆದುರು ಕಣ್ಣೀರಿಡುತ್ತಾರೆ. ಬೆಳಿಗ್ಗೆ ಬಣ್ಣ ತೊಳೆದು ಬಂದರೆ ಅದೇ ಮನೆಯ ಅಂಗಳದ ಮೂಲೆಯಲ್ಲಿ ಎಲೆ ಹಾಕುತ್ತಾರೆ. ಸಿನಿಮಾ ಬಂದ ಮೇಲೆ, ಆ ಅಕ್ಟೋಬರಿನಲ್ಲಿ, 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ಸರಕಾರ ಹೇಳಿತ್ತು. "ಮಾವನಿಗೆ 60 ಆಗಲಿಲ್ಲ. ಗಂಟುನೋವು ಮೊದಲೇ ಬಂದಾಯಿತು," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಮ್ಮ ಕುಟುಂಬದ ಮನೆಯಲ್ಲೂ ವರ್ಷಕ್ಕೊಂದು ನೇಮವಿದೆ. ನೇಮದ ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಪಕ್ಕದ ಮಾಡಿನಡಿ ಎಲೆ ಹಾಕುವುದನ್ನು ನೋಡಿಯೇ ಬೆಳೆದವಳು ನಾನು. ನಾಲ್ಕೈದನೇ ಕ್ಲಾಸಿನಲ್ಲಿದ್ದಾಗ ನೀರಿನ ಚೊಂಬು ಹಿಡಿದುಕೊಂಡು ಅಲ್ಲಿಗೆ ಹೋಗಿದ್ದೆ. ಲೋಟಕ್ಕೆ ತಾಗದ ಹಾಗೆ ಮೇಲಿನಿಂದ ಹೊಯ್ಯಬೇಕೆಂದು ಯಾರೋ ಕಲಿಸಿದ್ದರು. ಹಾಗೆಯೇ ಹೊಯ್ದಿದ್ದೆ. ಇದನ್ನು ಗೆಳತಿಗೆ ಹೇಳಬೇಕೆಂದು ಬಾಯಿಯವರೆಗೆ ಬಂತು. ಹೇಳಲಿಲ್ಲ. ಸ್ಯಾಟಿನ್ ಮಡಚಿ ಚೀಲಕ್ಕೆ ಹಾಕಿದೆ.

ಉಳಿದದ್ದು ಪುಟ್ಟಿಯ ಪ್ರಶ್ನೆ. ವೇಷಕ್ಕೆ ಹೆಸರು ಕೊಟ್ಟಾಗಿತ್ತು, 'ಕಾಂತಾರ'ವನ್ನು ಬಿಟ್ಟು ಬೇರೆ ಯಾವುದನ್ನೂ ಅವಳು ಒಪ್ಪುವ ಹಾಗಿರಲಿಲ್ಲ. ಆಗ ಗೆಳತಿಗೆ ಹೊಳೆದದ್ದು ಲೀಲಾ. ಸಪ್ತಮಿ ಗೌಡ ಮಾಡಿದ ಪಾತ್ರ. ಅದೇ ಊರಿನ ಹುಡುಗಿ, ಅರಣ್ಯ ಇಲಾಖೆಯ ಗಾರ್ಡ್ ಆಗಿ, ತನ್ನ ಊರಿನವರ ಎದುರೇ ಬೇಲಿ ಹಾಕಲು ನಿಲ್ಲಬೇಕಾಗುತ್ತದೆ. ಫೋನಿನಲ್ಲಿ ಪುಟ್ಟಿಯೊಡನೆ ಮಾತುಕತೆ ನಡೆಯಿತು.

"ಅವಳಿಗೆ ಬಂದೂಕು ಉಂಟಾ?"

"ಇಲ್ಲ. ಕೋಲು ಉಂಟು."

"ಸೀಟಿ?"

"ಸೀಟಿ ಕೊಡುವ."

ಸೀಟಿಯಿಂದ ಕೆಲಸ ಆಯಿತು.

ಖಾಕಿ ಬಟ್ಟೆಗೆ ಪುನಃ ಪುತ್ತೂರಿಗೆ ಹೋಗಬೇಕಾಗಲಿಲ್ಲ. ಗೆಳತಿಯ ಅಪ್ಪ ಸುಳ್ಯ ಡಿಪೋದಲ್ಲಿ ಬಸ್ ಚಾಲಕರಾಗಿದ್ದು ನಿವೃತ್ತರಾದವರು. ಕಪಾಟಿನಲ್ಲಿ ಎರಡು ಜೊತೆ ಯೂನಿಫಾರ್ಮ್ ಇತ್ತು. ಪ್ಯಾಂಟಿನ ಸೀಟಿನ ಭಾಗ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು, ಮಂಡಿಯ ಬಳಿ ಬಟ್ಟೆ ತೆಳುವಾಗಿತ್ತು. ನಾವು ಮಂಡಿಯ ಕೆಳಗಿನ ಗಟ್ಟಿ ಭಾಗವನ್ನು ಮಾತ್ರ ತೆಗೆದುಕೊಂಡೆವು. ಬ್ಲೇಡಿನಲ್ಲಿ ಹೊಲಿಗೆ ಬಿಚ್ಚುವುದು ನನ್ನ ಕೆಲಸ. ದೊಡ್ಡವರ ಪ್ಯಾಂಟಿನ ಎರಡು ಕಾಲು ಬಿಚ್ಚಿದರೆ ಏಳು ವರ್ಷದ ಮಗುವಿಗೆ ಒಂದು ಪ್ಯಾಂಟಿನಷ್ಟು ಬಟ್ಟೆ ಸಿಗುತ್ತದೆ ಎಂದು ಅವತ್ತು ತಿಳಿಯಿತು. ಇಸ್ತ್ರಿ ಹಾಕಿದರೂ ಹಳೆಯ ಮಡಿಕೆಯ ಗೆರೆ ಹೋಗಲಿಲ್ಲ.

ಅಂಗಿಗೆ ಅಪ್ಪನ ಅಂಗಿಯ ಬೆನ್ನು. ಕಾಲರಿಗೆ ಬಕ್ರಂ ಇಡದೆ ಹೊಲಿದದ್ದು ನಾಯಿಯ ಕಿವಿಯ ಹಾಗೆ ಜೋತುಬಿತ್ತು. ಬಿಚ್ಚಿ ಮತ್ತೆ ಹೊಲಿದೆವು. ತೋಳನ್ನು ನಾನು ಉಲ್ಟಾ ಜೋಡಿಸಿಕೊಟ್ಟೆ, ಅವಳು ನೋಡದೆ ಹೊಲಿದಳು, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೆವು. ಆ ಬೈಗುಳದಿಂದ ಮನಸ್ಸು ಸ್ವಲ್ಪ ಹಗುರವಾಯಿತು. ಕಾಜ ಅವಳು ಕೈಯಲ್ಲೇ ತೆಗೆದಳು. ಜೇಬನ್ನು ಮಾತ್ರ ಇದ್ದ ಹಾಗೆಯೇ ಬಿಚ್ಚಿ ಕೂರಿಸಿದೆವು. ಅದರ ಮೇಲೆ ಹೆಸರಿನ ಪಟ್ಟಿ ಚುಚ್ಚುತ್ತಿದ್ದ ಎರಡು ಸಣ್ಣ ತೂತುಗಳಿದ್ದವು. ಅವು ಕಾಣದಿರಲೆಂದು ಗೆಳತಿ ಹಸಿರು ನೂಲಿನಲ್ಲಿ ಒಂದು ಮರ ಕಸೂತಿ ಮಾಡಿದಳು. ರಾತ್ರಿ ಅಪ್ಪ ಬಂದು ಅಂಗಿಯನ್ನು ಎತ್ತಿ ನೋಡಿ, "ಇಷ್ಟು ಸಣ್ಣದಾ?" ಎಂದಷ್ಟೇ ಕೇಳಿದರು.

ವಾರ್ಷಿಕೋತ್ಸವಕ್ಕೆ ಇಬ್ಬರೂ ಹೋಗಿದ್ದೆವು. ಪುಟ್ಟಿಯ ಸರದಿ ಬಂತು. ತೀರ್ಪುಗಾರರು "ಪೊಲೀಸಾ?" ಎಂದು ಕೇಳಿದರು. "ಅಲ್ಲ, ಫಾರೆಸ್ಟು," ಎಂದು ಸೀಟಿ ಊದಿದಳು. ಹಿಂದಿನಿಂದ ಯಾರೋ, "ಮೇಡಂ, ನಮ್ಮ ಬೀಟಿ ಮರ ಒಂದು ಬಿಟ್ಟುಬಿಡಿ!" ಎಂದರು. ಎಲ್ಲರೂ ನಕ್ಕರು. ಅನಂತರ ಬಂದ ಹುಡುಗ ಅಣಿ ಕಟ್ಟಿ, ಮುಖಕ್ಕೆ ಹಳದಿ ಬಳಿದುಕೊಂಡು ಕೂಗಿದ. ಸಭೆಯಲ್ಲಿ ಕೆಲವರು ಎದ್ದು ಕೈಮುಗಿದರು. ಬಹುಮಾನ ಅವನಿಗೇ ಬಂತು. ಗೆಳತಿ ಚಪ್ಪಾಳೆ ಹೊಡೆಯಲಿಲ್ಲ, ಎದ್ದೂ ಹೋಗಲಿಲ್ಲ. ಪುಟ್ಟಿಯ ಬೆಲ್ಟ್ ಸರಿ ಮಾಡುತ್ತಾ ಕೂತಳು.

ಎರಡು ತಿಂಗಳು ಕಳೆದು, 2023ರ ಫೆಬ್ರವರಿಯಲ್ಲಿ, ಕಡಬದ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಕೊಂದಿತು. ಒಬ್ಬಳು ಬೆಳಿಗ್ಗೆ ಹಾಲಿನ ಸೊಸೈಟಿಗೆ ಹೊರಟಿದ್ದ ಹುಡುಗಿ. ಊರೆಲ್ಲ ಅರಣ್ಯ ಇಲಾಖೆಯ ಮೇಲೆ ಸಿಟ್ಟಾಗಿತ್ತು. ಸಾಕಾನೆಗಳನ್ನು ತರಿಸಿ, ಇಲಾಖೆಯವರು ದಿನಗಟ್ಟಲೆ ಕಾಡು ಸುತ್ತಿ ಒಂದು ಆನೆಯನ್ನು ಹಿಡಿದರು. ಆ ದಿನಗಳಲ್ಲಿ ಪುಟ್ಟಿ ಚಿಕ್ಕಮ್ಮನಿಗೆ ಫೋನು ಮಾಡಿ, "ಅವರ ಅಂಗಿಯೂ ನನ್ನದರ ಹಾಗೆ ಬರೀ ಬಟ್ಟೆಯದ್ದಾ?" ಎಂದು ಕೇಳಿದಳಂತೆ.

ಆ ವರ್ಷ ಪತ್ತನಾಜೆಗೆ ಮೊದಲು ನಮ್ಮ ಕುಟುಂಬದ ನೇಮ ನಡೆಯಿತು. ಎಲೆ ಹಾಕುವ ಹೊತ್ತಿಗೆ, ಅವರಿಗೂ ಚಾವಡಿಯಲ್ಲೇ ಬಡಿಸುವ ಎಂದು ದೊಡ್ಡಪ್ಪನಲ್ಲಿ ಹೇಳಿದೆ. "ಅದು ಮೊದಲಿನಿಂದ ಹಾಗೆಯೇ ಬಂದದ್ದು," ಅಂದರು. ನಾನು ನನ್ನ ಎಲೆಯನ್ನು ಮಾಡಿನಡಿಗೆ ಕೊಂಡುಹೋಗಿ ಕೂತೆ. ನೇಮ ಕಟ್ಟಿದ ಹಿರಿಯರಿಗೆ ಅದರಿಂದ ಮುಜುಗರವಾಯಿತು. ಬೇಗಬೇಗ ಉಂಡು ಎದ್ದರು.

ಇದನ್ನೂ ಗೆಳತಿಗೆ ಇನ್ನೂ ಹೇಳಿಲ್ಲ. ಕೆಂಪು ಸ್ಯಾಟಿನ್ ನನ್ನ ಕಪಾಟಿನಲ್ಲೇ ಇದೆ, ಒಂದು ಬದಿ ಕತ್ತರಿಸಿದ ಹಾಗೆಯೇ.