ವೈಟ್‌ಫೀಲ್ಡಿನ ದಾರಿಯಲ್ಲಿ ಹದಿಮೂರು ಎಲೆ

ಬೆಂಗಳೂರಿನಿಂದ ಪೂರ್ವದ ಕಡೆಗೆ ರೈಲಿನಲ್ಲಿ ಹೊರಟವರಿಗೆ ಕೃಷ್ಣರಾಜಪುರವನ್ನು ದಾಟಿದ ಮೇಲೆ ವೈಟ್‌ಫೀಲ್ಡ್ ಸಿಕ್ಕುತ್ತದೆ. 1882ರಲ್ಲಿ ಡಿ. ಎಸ್. ವೈಟ್ ಎಂಬ ಮಹನೀಯರ ಮುಂದಾಳುತನದಲ್ಲಿ, ಮಹಾರಾಜ ಚಾಮರಾಜ ಒಡೆಯರು ದಯಪಾಲಿಸಿದ ಸುಮಾರು 3,900 ಎಕರೆ ನೆಲದಲ್ಲಿ, ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ಬಾಳಲೆಂದು ಹುಟ್ಟಿದ ಊರು ಇದು. ಬೇಸಾಯದ ಕನಸು ಎಂದೋ ಕರಗಿತು. ಹೆಂಚಿನ ಬಂಗಲೆಗಳಿದ್ದ ಸೀಮೆಯಲ್ಲಿ ಇಂದು ಗಾಜಿನ ಗೋಡೆಯ ಮಹಲುಗಳು ನಿಂತಿವೆ. 2023ರಿಂದ ಮೆಟ್ರೋ ರೈಲೂ ಕಾಡುಗೋಡಿಯವರೆಗೆ ಬರುತ್ತಿದೆ.

ಆದರೆ ಬೆಳಗಿನ ಹೊತ್ತು ಇಲ್ಲಿ ಇಳಿಯುವ ಜನರೆಲ್ಲ ಬೆಂಗಳೂರಿನವರಲ್ಲ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದ ಬಳಿಕ, ಅಲ್ಲಿ ಉಳಿದ ಎಷ್ಟೋ ಮನೆಗಳ ಒಲೆ ಉರಿಯುವುದು ಮಾರಿಕುಪ್ಪಂನಿಂದ ಹೊರಡುವ ರೈಲುಗಳ ದೆಸೆಯಿಂದ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ಗಣಿಯ ಕಾಲವನ್ನು ನೆನಪಿಗೆ ತರುವ ನಿಲ್ದಾಣಗಳನ್ನು ಹಾದು, ಬಂಗಾರಪೇಟೆಯಲ್ಲಿ ಹೆದ್ದಾರಿ ಹಿಡಿದು, ಟೇಕಲ್ಲಿನ ಬಂಡೆಗಳ ನಡುವೆ ನುಸುಳಿ, ಮಾಲೂರು ಮುಟ್ಟುವ ವೇಳೆಗೆ ಡಬ್ಬಿಯಲ್ಲಿ ಕಾಲೂರಲು ಜಾಗವಿರುವುದಿಲ್ಲ. ಹೋಗಲು ಸುಮಾರು ಎರಡು ಗಂಟೆ, ಬರಲು ಎರಡು ಗಂಟೆ. ಆಯುಷ್ಯದ ದೊಡ್ಡದೊಂದು ಪಾಲು ಹಳಿಯ ಮೇಲೆಯೇ ಸವೆಯುತ್ತದೆ. ಕೆಲವರು ನಿದ್ರಿಸುತ್ತಾರೆ, ಕೆಲವರು ಪತ್ರಿಕೆಯನ್ನು ನಾಲ್ಕು ಪಾಲು ಮಾಡಿ ಓದುತ್ತಾರೆ. ಇನ್ನು ಕೆಲವರು ಎದುರುಬದುರು ಕುಳಿತು, ಮೊಣಕಾಲುಗಳ ಮೇಲೊಂದು ಪೆಟ್ಟಿಗೆಯನ್ನಿಟ್ಟು, ಅದರ ಮೇಲೆ ಟವೆಲು ಹಾಸಿ ರಮ್ಮಿಗೆ ತೊಡಗುತ್ತಾರೆ.

ಇಸ್ಪೀಟೆಂದೊಡನೆ ಗೃಹಿಣಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ರೈಲಿನಲ್ಲಿ ಹಣ ಕಟ್ಟಿ ಆಡುವುದು ಅಪರಾಧವೂ ಹೌದು. ಈ ಗುಂಪುಗಳಲ್ಲಿ ಚಲಾವಣೆಯಾಗುವುದು ಕಿಸೆಯ ಪುಸ್ತಕದಲ್ಲಿ ಬರೆದಿಡುವ ಅಂಕಗಳು. ಹೆಚ್ಚೆಂದರೆ ಸೋತವನ ಲೆಕ್ಕದಲ್ಲಿ ಒಂದು ಸುತ್ತು ಚಹಾ. ಆದುದರಿಂದಲೇ ಆಟದ ಒಳಗುಟ್ಟು ಇಲ್ಲಿ ಕಾಣಸಿಗುವಷ್ಟು ಶುದ್ಧವಾಗಿ ಬೇರೆಡೆ ಕಾಣದು.

ಕೈಗೆ ಹದಿಮೂರು ಎಲೆ. ಒಂದೇ ಬಣ್ಣದ ಮೂರೋ ನಾಲ್ಕೋ ಎಲೆಗಳು ಜೋಕರಿನ ನೆರವಿಲ್ಲದೆ ಸಾಲಾಗಿ ಕೂಡಿದರೆ ಅದು ಮೊದಲ ‘ಲೈಫ್’. ಅದಿಲ್ಲದವನ ಕೈಯಲ್ಲಿ ಮೂವರು ರಾಜರಿದ್ದರೂ ಮೂರು ಜೋಕರಿದ್ದರೂ ಬಡವನೇ. ಹೊಸಬನು ಕೈಗೆ ಬಂದ ಜೋಕರನ್ನು ಕಂಡು ಹಿಗ್ಗಿ, ಮೊದಲ ಸಾಲಿಗೇ ಅದನ್ನು ತುರುಕಲು ಹೋಗುತ್ತಾನೆ. ಪಳಗಿದವನು ಜೋಕರನ್ನು ಮರೆತವನಂತೆ ಬದಿಗಿಟ್ಟು, ಲೈಫ್ ಕೂಡಿದ ಮೇಲಷ್ಟೇ ಅದರತ್ತ ಕಣ್ಣು ಹಾಯಿಸುತ್ತಾನೆ.

ಎರಡು ಕಟ್ಟು ಎಲೆಗಳ ಈ ಆಟದಲ್ಲಿ ಪ್ರತಿಯೊಂದು ಎಲೆಗೂ ಒಂದು ಅವಳಿ ಉಂಟು. ಆಟೀನಿನ ಏಳು, ಎಂಟು ಕೈಯಲ್ಲಿದ್ದರೆ ಆರಾದರೂ ಬರಬಹುದು, ಒಂಬತ್ತಾದರೂ ಬರಬಹುದು. ಎಂದರೆ ನಾಲ್ಕು ಎಲೆಗಳ ದಾರಿ ತೆರೆದಿದೆ. ಏಳು, ಒಂಬತ್ತು ಇದ್ದರೆ ನಡುವಿನ ಎಂಟಕ್ಕಾಗಿಯೇ ಕಾಯಬೇಕು. ದಾರಿ ಎರಡೇ ಎಲೆಯದು. ಎಕ್ಕ ಮತ್ತು ಎರಡನ್ನು ಹಿಡಿದು ಕುಳಿತವನ ಗತಿಯೂ ಅಷ್ಟೆ. ನಡುವಣ ಎಲೆಗಳಿಗೆ ನೆಂಟರು ಹೆಚ್ಚು, ಅಂಚಿನವಕ್ಕೆ ಕಡಿಮೆ. ರಾಜ, ರಾಣಿಯರ ಠೀವಿಯೇನೋ ದೊಡ್ಡದು. ಜೊತೆಗೂಡದೆ ಉಳಿದರೆ ಒಂದೊಂದಕ್ಕೂ ಹತ್ತು ಅಂಕದ ದಂಡ. ಎರಡು ಮೂರು ಸುತ್ತಿನೊಳಗೆ ಸಂಗಾತಿ ದೊರೆಯದಿದ್ದರೆ ಅವರನ್ನು ಸಿಂಹಾಸನದಿಂದ ಇಳಿಸುವುದೇ ಲೇಸು.

ಇಷ್ಟೆಲ್ಲ ಗಣಿತ, ಪುಸ್ತಕದಿಂದಲೂ ಕಲಿಯಬಹುದು. ನಿಜವಾದ ಚಾತುರ್ಯವಿರುವುದು ಎಸೆಯುವುದರಲ್ಲಿ. ಎದುರಾಳಿ ಎತ್ತಿಕೊಂಡ ಎಲೆ ಅವನ ಬಯಕೆಯನ್ನು ಹೇಳುತ್ತದೆ, ಎಸೆದ ಎಲೆ ಅವನಿಗೇನು ಬೇಡವೆಂಬುದನ್ನು. ಇಸ್ಪೀಟಿನ ಒಂಬತ್ತನ್ನು ಅವನು ಬಿಟ್ಟಿದ್ದರೆ ಅದರ ಬಳಿಯ ಹತ್ತನ್ನು ಅವನ ಮುಂದೆ ಹಾಕುವುದಕ್ಕೆ ಅಷ್ಟು ಅಂಜಬೇಕಾಗಿಲ್ಲ. ಆದರೆ ಇದನ್ನು ಬಲ್ಲ ಧೂರ್ತನು ತನಗೆ ಹತ್ತು ಬೇಕೆಂದೇ ಒಂಬತ್ತನ್ನು ಎರೆಯಾಗಿ ಎಸೆಯುವುದೂ ಉಂಟು! ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಕುಳಿತವರಿಗೆ ಯಾರು ಎರೆ ಹಾಕುವವರು, ಯಾರು ಸರಳರು ಎಂಬುದು ಕೈರೇಖೆಯಂತೆ ಗೊತ್ತು.

ದೂರದ ವಿಯೆಟ್ನಾಮಿನಲ್ಲಿಯೂ ‘ಫಾಮ್’ ಎಂಬ ಇದೇ ಜಾತಿಯ ಆಟವಿದೆ. ಅಲ್ಲಿ ಎಲೆ ಒಂಬತ್ತು, ಸುತ್ತು ನಾಲ್ಕೇ ನಾಲ್ಕು. ಒಬ್ಬನು ಎಸೆದ ಎಲೆಯನ್ನು ಮುಂದಿನವನು ‘ತಿಂದರೆ’ ಎಸೆದವನೇ ದಂಡ ತೆರಬೇಕು. ಎಸೆಯುವಾಗ ಎಚ್ಚರವಿರಲಿ ಎಂಬ ಮಾತನ್ನು ಆ ಜನ ಕಟ್ಟಳೆಯನ್ನಾಗಿಯೇ ಮಾಡಿಕೊಂಡಿದ್ದಾರೆ.

ಎಲ್ಲಕ್ಕಿಂತ ಕಠಿನವಾದ ವಿದ್ಯೆ ಆಡದಿರುವುದು. ನೂರೊಂದರ ಆಟದಲ್ಲಿ ಮೊದಲೇ ಎಲೆ ಮಡಿಸಿಟ್ಟು ‘ಡ್ರಾಪ್’ ಎಂದರೆ 20 ಅಂಕ, ನಡುವೆ ಬಿಟ್ಟರೆ 40, ಕೊನೆಯವರೆಗೆ ಜಗ್ಗಾಡಿ ಸೋತರೆ 80ರವರೆಗೆ. ಐದು ಬಾರಿ ಮೊದಲಲ್ಲೇ ಕೈಬಿಟ್ಟವನು ನೂರಕ್ಕೆ ನಿಂತು ಇನ್ನೂ ಆಟದಲ್ಲಿರುತ್ತಾನೆ; ಎರಡು ಬಾರಿ ಹಟ ಹಿಡಿದವನು ಎದ್ದು ಕಿಟಕಿಯ ಹೊರಗೆ ನೋಡುತ್ತಿರುತ್ತಾನೆ. “ಒಂದೇ ಒಂದು ಎಲೆ ಬಂದರೆ ಸಾಕಣ್ಣ,” ಎಂದು ತರುಣನೊಬ್ಬ ತವಕಿಸಿದರೆ, “ಬರೋ ಎಲೆ ನೋಡಿ ಆಡಬೇಡಪ್ಪ, ಇರೋ ಎಲೆ ನೋಡಿ ಆಡು,” ಎಂದು ಪಕ್ಕದ ಹಿರಿಯರು ಗದರುತ್ತಾರೆ.

ಹಣ ಕಾಲಿಟ್ಟ ಕ್ಷಣದಲ್ಲಿ ಮರೆತುಹೋಗುವುದು ಇದೇ ವಿದ್ಯೆ. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ, 1967ರ ನವೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯವು ರಮ್ಮಿ ಬಹುಮಟ್ಟಿಗೆ ಜಾಣ್ಮೆಯ ಆಟವೆಂದು ತೀರ್ಮಾನಿಸಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿ ನೈಪುಣ್ಯ ಬೇಕು ಎಂಬುದು ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ವಿವೇಚನೆ. ಪಣದ ಆಟದಿಂದ ಕ್ಲಬ್ಬಿನವರು ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧವಾಗಬಹುದೆಂದೂ ಆ ತೀರ್ಪು ಹೇಳಿತ್ತು. ಮೊದಲ ಮಾತನ್ನು ಜನ ಬಾಯಿಪಾಠ ಮಾಡಿದರು; ಎರಡನೆಯದನ್ನು ನೆನೆದವರು ಕಡಿಮೆ.

ಬಳಿಕ ಆಟ ಮೊಬೈಲಿನೊಳಗೆ ಹೊಕ್ಕಿತು. 2021ರಲ್ಲಿ ಕರ್ನಾಟಕವು ಹಣ ಕಟ್ಟುವ ಅಂತರಜಾಲದ ಆಟಗಳನ್ನು ನಿಷೇಧಿಸಿದಾಗ, ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಾದರೋ ಜಾಣ್ಮೆಯೋ ಅದೃಷ್ಟವೋ ಎಂಬ ವಾದಕ್ಕೇ ಎಡೆಗೊಡದೆ, ಅಂತರಜಾಲದಲ್ಲಿ ಹಣದ ಆಟ ಆಡಿಸುವುದನ್ನೇ ನಿಷೇಧಿಸಿತು. ನ್ಯಾಯದ ಸೂಕ್ಷ್ಮಗಳು ಏನೇ ಇರಲಿ, ಸಂಸಾರದ ದೃಷ್ಟಿಯಿಂದ ಒಂದು ಮಾತು ಸ್ಪಷ್ಟ. ರೈಲಿನ ಆಟಕ್ಕೆ ನಿಲ್ದಾಣವೆಂಬ ಕೊನೆಯಿದೆ. ನಡುರಾತ್ರಿ ಮೊಬೈಲು ಹಿಡಿದವನಿಗೆ ಕೊನೆಯೂ ಇಲ್ಲ, ಎದುರಿಗೆ ಮುಖವೂ ಇಲ್ಲ, ಗದರಲು ಪಕ್ಕದಲ್ಲಿ ಹಿರಿಯರೂ ಇಲ್ಲ. ಸಂಬಳದ ದಿನವೇ ಸಂಬಳ ಕರಗಿಸಿಕೊಂಡವನಿಗೆ ತನ್ನ ಆಟ ಜಾಣ್ಮೆಯದೆಂಬ ಸಮಾಧಾನದಿಂದ ಮನೆಗೆ ಅಕ್ಕಿ ಬರುವುದಿಲ್ಲ.

ಪೀಣ್ಯದ ಕಾರ್ಖಾನೆಗಳ ಬದಿಯಲ್ಲಿ ಊಟದ ವಿರಾಮಕ್ಕೆ ಮರದ ನೆರಳು ಹಿಡಿದವರಿಗೆ ಒಂದು ಕೈ ಮುಗಿಸುವಷ್ಟೇ ಸಮಯ. ಗಂಟೆ ಬಾರಿಸಿತೋ, ಎಲೆ ಕಿಸೆಗೆ. ವೈಟ್‌ಫೀಲ್ಡಿನ ರೈಲಿನಲ್ಲಿ ಆ ಗಂಟೆಯ ಕೆಲಸ ದೇವನಗೊಂದಿಯದು. ಅದನ್ನು ದಾಟಿದ ಮೇಲೆ ಹೊಸ ಆಟ ಹಂಚುವಂತಿಲ್ಲ. ನಡೆಯುತ್ತಿದ್ದ ಆಟ ಮುಗಿಯದಿದ್ದರೆ ಯಾರ ಕೈ ಎಷ್ಟೇ ಚೆನ್ನಾಗಿದ್ದರೂ ರದ್ದು. ಟವೆಲು ಕೊಡವಿ, ಎಲೆಗಳನ್ನು ಎಣಿಸುತ್ತಾರೆ. ಎರಡು ಕಟ್ಟು, ಎರಡು ಜೋಕರು: ನೂರಾ ಆರು. ಎಂದೋ ಕಿಟಕಿಯಿಂದ ಹಾರಿಹೋದ ಕಳಾವರ್ ನಾಲ್ಕರ ಬದಲಿಗೆ ಹಳೆಯ ಸೀಸನ್ ಟಿಕೆಟ್ಟಿನ ತುಂಡೊಂದು ಆ ಕಟ್ಟಿನಲ್ಲಿದೆ. ಅದನ್ನೂ ಸೇರಿಸಿ ಎಣಿಸಿ, ರಬ್ಬರು ಸುತ್ತಿ, ಊಟದ ಡಬ್ಬಿಯ ಪಕ್ಕಕ್ಕೆ ಇಳಿಸುವ ಹೊತ್ತಿಗೆ ವೈಟ್‌ಫೀಲ್ಡಿನ ಪ್ಲಾಟ್‌ಫಾರಂ ಬಂದಿರುತ್ತದೆ.